ಉಳಿದದ್ದೊಂದೇ ಮಾತು

ಲಕ್ವ ಹೊಡೆದು ಇವರ ಮಾತು ನಿಂತ ಹತ್ತೊಂಬತ್ತನೆಯ ದಿನ ಒಂದು ಮಾತು ವಾಪಸು ಬಂತು. ಬೆಳಗ್ಗೆ ಮೈ ಒರೆಸಿ, ಅಂಗಿ ತೊಡಿಸಿ, ಗುಂಡಿ ಹಾಕುತ್ತಾ, ಕಿಟಕಿ ತೆಗೆಯಲಾ ಎಂದು ಕೇಳಿದ್ದೆ. ಉತ್ತರ ಬರುತ್ತದೆಂದು ಕೇಳಿದ್ದಲ್ಲ. ಮಾತಿಲ್ಲದೆ ಕೆಲಸ ಸಾಗುವುದಿಲ್ಲವೆಂದು ಕೇಳಿದ್ದು. ಇವರ ಬಾಯಿ ಎಡಕ್ಕೆ ಎಳೆದುಕೊಂಡಿತು. ಮೊದಲಿನ ಅದೇ ತುಂಬು ದನಿಯಲ್ಲಿ "ಆಗಲಿ" ಅಂದರು.

ನಾನು ಅತ್ತೆಯನ್ನು ಕೂಗಿದೆ. ಅತ್ತೆ ಬಿಡಿಸುತ್ತಿದ್ದ ಬೆಳ್ಳುಳ್ಳಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದರು. ಎಂಬತ್ತೆರಡು ವರ್ಷದ ಅವರು ಮಗನ ಮುಂದೆ ಕೂತು, ನಾನು ಯಾರು ಹೇಳು ನೋಡೋಣ ಎಂದರು. ಇವರು "ಆಗಲಿ" ಅಂದರು. ಗಾರ್ಮೆಂಟ್ಸಿಗೆ ಹೊರಟಿದ್ದ ಸೊಸೆ ಚಪ್ಪಲಿ ಬಿಚ್ಚಿ ಒಳಗೆ ಬಂದಳು. ಹಲ್ಲುಜ್ಜುತ್ತಿದ್ದ ಮಗ ಬಾಯಿ ತುಂಬ ನೊರೆ ಇಟ್ಟುಕೊಂಡೇ ಅತ್ತುಬಿಟ್ಟ. ಅಂದು ಸೊಸೆ ಕೆಲಸಕ್ಕೆ ತಡವಾಗಿ ಹೋದಳು, ಮಗ ಜೆರಾಕ್ಸ್ ಅಂಗಡಿಯ ಬಾಗಿಲನ್ನೇ ತೆಗೆಯಲಿಲ್ಲ. ಮಧ್ಯಾಹ್ನದೊಳಗೆ ಬೀದಿಗೆ ಗೊತ್ತಾಯಿತು, ಸಂಜೆಯೊಳಗೆ ಊರಿಗೆ. ಮೈಕು ಮಾತಾಡಿದರಂತೆ ಎಂದು ಜನ ಬಾಗಿಲ ತನಕ ಬಂದು ನೋಡಿಕೊಂಡು ಹೋದರು.

ಮೈಕು ಎಂಬುದು ಊರು ಇಟ್ಟ ಹೆಸರು. ಬಸ್ ಕಂಡಕ್ಟರ್ ಆಗಿದ್ದಾಗ ಇವರು ಹಿಂದಿನ ಬಾಗಿಲಲ್ಲಿ ನಿಂತು ರೈಟ್ ಅಂದರೆ ಎದುರಿಗೆ ನಿಂತ ಬಸ್ಸೂ ಹೊರಡುತ್ತಿತ್ತು ಎಂದು ಜನ ತಮಾಷೆ ಮಾಡುತ್ತಿದ್ದರು. ಆಮೇಲೆ ಯೂನಿಯನ್, ಆಮೇಲೆ ಪಕ್ಷ, ಆಮೇಲೆ ಹನ್ನೊಂದು ವರ್ಷ ಪುರಸಭೆಯ ಅಧ್ಯಕ್ಷಗಿರಿ. ಎಲ್ಲವೂ ಬಾಯಿಂದಲೇ ಬಂದದ್ದು. ಮನೆಯಲ್ಲೂ ಹಾಗೇ. ಊಟಕ್ಕೆ ಕೂತರೆ ಇವರ ಮಾತು ಮುಗಿಯುವ ತನಕ ನಮ್ಮ ತಟ್ಟೆಗಳು ಒಣಗುತ್ತಿದ್ದವು.

ಈಗ ಬಲಗೈ, ಬಲಗಾಲು ಮರದ ತುಂಡಿನ ಹಾಗೆ. ಬರೆಯಲು ಬರುವುದಿಲ್ಲ; ಎಡಗೈಗೆ ಪೆನ್ನು ಕೊಟ್ಟರೆ ಎಳೆದದ್ದೆಲ್ಲ ಬರಿಯ ಗೆರೆ. ಹೌದು ಎನ್ನಲು ಹೋಗಿ ತಲೆ ಅಡ್ಡಡ್ಡ ಆಡುತ್ತದೆ, ಇಲ್ಲ ಎನ್ನಲು ಹೋಗಿ ಮೇಲೆ ಕೆಳಗೆ. ಇಷ್ಟರ ನಡುವೆ ಆ ಒಂದು ಮಾತು ಮಾತ್ರ ಗಟ್ಟಿಯಾಗಿತ್ತು.

ಅದೇ ಮಾತು ಏಕೆ ಉಳಿಯಿತೆಂದು ಆಸ್ಪತ್ರೆಯ ಫಿಸಿಯೋ ಮೇಡಂ ಹೇಳಿದರು. ಪುರಸಭೆಯಲ್ಲಿ ಪ್ರತಿಯೊಂದು ಠರಾವಿನ ಕೊನೆಗೂ ಅಧ್ಯಕ್ಷರು ‘ಆಗಲಿ’ ಅನ್ನಬೇಕು. ಅಂದ ಮೇಲೆಯೇ ಗುಮಾಸ್ತರು ನಡಾವಳಿ ಪುಸ್ತಕದಲ್ಲಿ ಬರೆಯುವುದು. ಹನ್ನೊಂದು ವರ್ಷದಲ್ಲಿ ಎಷ್ಟು ಸಾವಿರ ಸಲ ಅಂದಿದ್ದರೋ. ಅಷ್ಟು ಸಲ ಆಡಿದ ಮಾತು ಆಳಕ್ಕೆ ಇಳಿದಿರುತ್ತದೆ, ಮೇಲಿನದೆಲ್ಲ ಕೊಚ್ಚಿಕೊಂಡು ಹೋದರೂ ಅದು ತಳದಲ್ಲಿ ಉಳಿಯುತ್ತದೆ ಎಂದರು. ನಾನು ಮನೆಗೆ ಬಂದು ಅತ್ತೆಗೆ ಹೇಳಿದೆ.

"ಅಷ್ಟು ಸಲ ಅಮ್ಮ ಅಂತ ಕರೆದಿದ್ರೆ ಅದೂ ಉಳೀತಿತ್ತು" ಎಂದು ಅತ್ತೆ ಬೆಳ್ಳುಳ್ಳಿ ಬಿಡಿಸಲು ಕೂತರು.

ಮೊದಲ ವಾರ ನಾವು ಆ ಮಾತನ್ನು ನಂಬಿಯೇ ನಡೆದೆವು. ಇನ್ನೊಂದು ಸೌಟು ಗಂಜಿ ಹಾಕಲಾ ಅಂದರೆ ಆಗಲಿ. ಇನ್ನೊಂದು? ಆಗಲಿ. ಹಸಿವು ಬಂತು, ಇನ್ನು ಎದ್ದು ನಿಲ್ಲುತ್ತಾರೆ ಎಂದು ಐದು ಸೌಟು ಉಣ್ಣಿಸಿದೆ. ಎಲ್ಲ ನನ್ನ ಮಡಿಲಿಗೇ ವಾಂತಿಯಾಯಿತು. ಇವರ ಕಣ್ಣಲ್ಲಿ ನೀರು ಬಂದಿತ್ತು, ಬಾಯಿ ಆಗಲೂ "ಆಗಲಿ, ಆಗಲಿ" ಅನ್ನುತ್ತಿತ್ತು. ಬಟ್ಟೆ ಒಗೆಯುತ್ತಾ ನನಗೆ ತಿಳಿಯಿತು. ಬೇಕು ಎನ್ನಲೂ ಅದೇ ಮಾತು, ಬೇಡ ಎನ್ನಲೂ ಅದೇ ಮಾತು. ಬಾಯಿ ಬೇರೆಯದನ್ನು ಹುಡುಕುತ್ತಿತ್ತು, ಸಿಕ್ಕುತ್ತಿದ್ದುದು ಅದೊಂದೇ. ಆಮೇಲೆ ನಾನು ಮಾತನ್ನು ಬಿಟ್ಟು ಮುಖ ನೋಡಲು ಕಲಿತೆ. ಬೇಡದ ‘ಆಗಲಿ’ಗೆ ಹುಬ್ಬು ಗಂಟಾಗುತ್ತಿತ್ತು, ಕೊನೆಯ ಅಕ್ಷರ ಕೆಳಗೆ ಬೀಳುತ್ತಿತ್ತು. ಅತ್ತೆ ನನಗಿಂತ ಬೇಗ ಕಲಿತರು. ಮಾತು ಬರುವ ಮೊದಲು ಇವನನ್ನು ಎರಡು ವರ್ಷ ಸಾಕಿದವಳು ನಾನೇ ಅಲ್ಲವೇ ಎಂದರು.

ಪಕ್ಷದವರಿಗೆ ಮುಖ ನೋಡುವ ಹಂಗಿರಲಿಲ್ಲ. ಪಕ್ಷದ ಕಾರ್ಯದರ್ಶಿ ಎರಡನೆಯ ವಾರ ಹಣ್ಣು ಹಿಡಿದು ಬಂದರು. ಪುರಸಭೆಯಲ್ಲಿ ಎರಡು ಕಡೆಯೂ ಏಳೇಳು ಜನ, ಅಧ್ಯಕ್ಷರ ಮಾತೇ ಕೊನೆ. ಕುರ್ಚಿ ಖಾಲಿಯಾದರೆ ಆ ಕಡೆಯವರು ಬಂದು ಕೂರುತ್ತಾರೆ. ಆದ್ದರಿಂದ ಲೀಡರ್ ಸಭೆಗೆ ಬಂದು ಕೂತರೆ ಸಾಕು, ಉಳಿದದ್ದು ನಮಗಿರಲಿ ಎಂದರು. ಕೂರುತ್ತೀರಲ್ಲ ಲೀಡರೇ ಎಂದು ಕೇಳಿದರು. ಸಿಗುವ ಉತ್ತರ ಸಿಕ್ಕಿತು.

ಮಗ ಗಾಲಿಕುರ್ಚಿ ತಳ್ಳಿಕೊಂಡು ಹೋದ. ಒಂದು ಗಂಟೆಯಲ್ಲಿ ಇಪ್ಪತ್ತೆರಡು ಠರಾವು ಪಾಸಾದವಂತೆ. ಮೊದಲು ಇವರು ಒಂದಕ್ಕೆ ಮೂರು ಚಹಾ ಕುಡಿಯುತ್ತಿದ್ದರು, ಪ್ರಶ್ನೆ ಕೇಳಿ ಕೇಳಿ ಇಂಜಿನಿಯರನ ಬೆವರಿಳಿಸುತ್ತಿದ್ದರು. ಈಗ ಅರ್ಧ ಚಹಾಕ್ಕೇ ಕೆಲಸ ಆಗುತ್ತದೆ ಎಂದು ಯಾರೋ ಸದಸ್ಯ ಹೇಳಿ ಎಲ್ಲರೂ ನಕ್ಕರೆಂದು ಮಗನೇ ಬಂದು ಹೇಳಿದ. ಅವನೂ ಸ್ವಲ್ಪ ನಕ್ಕ.

"ಕೋಲೆ ಬಸವನ್ನ ಮಾಡಿಟ್ರಾ ನನ್ನ ಮಗನ್ನ?" ಅಂದರು ಅತ್ತೆ.

"ಕುರ್ಚಿ ಹೋದ್ರೆ ನಮ್ಮನ್ನ ಯಾರು ಕೇಳ್ತಾರೆ ಅಜ್ಜಿ" ಅಂದ ಮಗ.

ವಾರಕ್ಕೆ ಮೂರು ದಿನ ನಾನು ಇವರನ್ನು ಪುರಸಭೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಹಿಂದುಗಡೆ ಅಂಗಳ ದಾಟಿದರೆ ವ್ಯಾಯಾಮದ ಕೋಣೆ. ಮೊದಲು ಅದು ಹಾಸಿಗೆ ಬಟ್ಟೆಯ ಗೋಡೌನ್ ಆಗಿತ್ತು. ಒಳಗೆ ಹಿಡಿದು ನಡೆಯಲು ಎರಡು ಕಬ್ಬಿಣದ ಕಂಬಿ, ರಾಟೆಗೆ ಹಾಕಿದ ಹಗ್ಗ, ಒಡೆದ ಮೂಲೆಗೆ ಟೇಪು ಹಚ್ಚಿದ ಆಳೆತ್ತರದ ಕನ್ನಡಿ, ಹತ್ತಿ ಇಳಿಯಲು ಎಲ್ಲಿಗೂ ಹೋಗದ ಮೂರು ಮೆಟ್ಟಿಲು. ಹೊರಗೆ ಉದ್ದದ ಬೆಂಚು. ಅದರ ಮೇಲೆ ಕಟ್ಟಡದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಗಾರೆಯವನು, ಬಲಗೈ ಸೋತ ಟೈಲರ್, ಕಾಲು ಎಳೆಯುವ ಅಂಚೆಯ ಹೆಂಗಸು. ನಾವು ಹೋದ ಮೊದಲ ದಿನ ಎಲ್ಲರೂ ಏಳಲು ನೋಡಿದರು, ಯಾರಿಗೂ ಏಳಲು ಆಗಲಿಲ್ಲ. ಗಾರೆಯವನು ನಕ್ಕು, "ಕೂತೇ ಮರ್ಯಾದೆ ಕೊಡ್ತೀವಿ ಅಧ್ಯಕ್ಷರೇ, ಬೇಜಾರು ಮಾಡ್ಕೋಬೇಡಿ" ಅಂದ. ಇವರ ಅರ್ಧ ಮುಖದಲ್ಲಿ ನಗು ಬಂತು. ಕಾಯಿಲೆಯಾದ ಮೇಲೆ ನಾನು ಕಂಡ ಮೊದಲ ನಗು.

ಎರಡು ವರ್ಷದ ಹಿಂದೆ ಆ ಕೋಣೆಯನ್ನು ಒಡೆದು, ಅಂಗಳ ಸೇರಿಸಿ, ಅಂಗಡಿ ಸಾಲು ಕಟ್ಟಬೇಕೆಂಬ ಠರಾವು ತಂದವರು ಇವರೇ. ಅಲ್ಲಿ ರೋಗಿಗಳಿಗಿಂತ ಇಲಿಗಳೇ ಜಾಸ್ತಿ ಎಂದು ಸಭೆಯಲ್ಲಿ ಮುಕ್ಕಾಲು ಗಂಟೆ ಮಾತಾಡಿ, ಮನೆಗೆ ಬಂದು ಊಟ ಮಾಡುತ್ತಾ ನಮಗೂ ಅದನ್ನು ಮತ್ತೆ ಹೇಳಿದ್ದರು. ನಾವೂ ನಕ್ಕಿದ್ದೆವು. ಕೋರ್ಟು ಕಾಗದ ಎಂದು ಅದು ಅಲ್ಲಿಗೇ ನಿಂತಿತ್ತು.

ಐದನೆಯ ವಾರ ಇವರು ಕಂಬಿ ಹಿಡಿದು ನಾಲ್ಕು ಹೆಜ್ಜೆ ಇಟ್ಟರು. ಬೆಂಚಿನವರೆಲ್ಲ ಒಳಗೆ ಇಣುಕಿ ಎಣಿಸುತ್ತಿದ್ದರು. ಹೊರಗೆ ತಂದು ಕೂರಿಸಿದಾಗ ಗಾರೆಯವನು ಮೆಲ್ಲಗೆ ಕೇಳಿದ.

"ಅಧ್ಯಕ್ಷರೇ, ಇದನ್ನ ಒಡೀತಾರಂತೆ. ಹೌದಾ?"

ಇವರು ಬಾಯಿ ತೆರೆದರು. ನಾನು ನಡುವೆ ಬರುವಷ್ಟರಲ್ಲಿ "ಆಗಲಿ" ಬಂದಾಗಿತ್ತು.

ಅವರ ಮಾತಿಗೆ ಅರ್ಥ ಹಾಗಲ್ಲ ಎಂದು ನಾನು ಹೇಳುತ್ತಲೇ ಇದ್ದೆ. ಅಂಚೆಯ ಹೆಂಗಸು, ಇರಲಿ ಬಿಡಿಯಮ್ಮ, ಅವರೇನು ಮಾಡ್ತಾರೆ ಎಂದು ಆ ಕಡೆ ತಿರುಗಿಕೊಂಡಳು. ದಾರಿಯುದ್ದಕ್ಕೂ ಇವರು ಎಡಗೈಯಿಂದ ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು. ನಾನು ಕುರ್ಚಿ ನಿಲ್ಲಿಸಿ ಕೈ ಹಿಡಿದುಕೊಳ್ಳುವುದು, ಮತ್ತೆ ತಳ್ಳುವುದು. ಮನೆ ಸೇರುವ ಹೊತ್ತಿಗೆ ಕೆಳತುಟಿ ಊದಿತ್ತು.

ಅದರ ಮರುವಾರ ಸಭೆಯ ನೋಟೀಸು ಬಂತು. ಕೋರ್ಟಿನ ಅಡ್ಡಿ ಮುಗಿದಿದೆ, ಆ ಠರಾವಿಗೆ ಕೊನೆಯ ಒಪ್ಪಿಗೆ ಆಗಬೇಕು ಎಂದಿತ್ತು. ಮಗ ಊಟಕ್ಕೆ ಕೂತವನು ಅದನ್ನು ಓದಿ ಹೇಳಿದ. ಇವರು ಎಡಗೈ ಚಾಚಿ ಕಾಗದ ಕಿತ್ತುಕೊಂಡು ತೊಡೆಯ ಕೆಳಗೆ ತುರುಕಿ ಅದರ ಮೇಲೆ ಕೂತರು. ಮಗ ಎಳೆಯಲು ಹೋದ. ಇವರು "ಆಗಲಿ, ಆಗಲಿ, ಆಗಲಿ" ಎಂದು ಕೂಗುತ್ತಾ ಅವನ ಕೈಗೆ ಹೊಡೆದರು. ತಟ್ಟೆ ಮಗುಚಿ ಅನ್ನ ನೆಲಕ್ಕೆ ಬಿತ್ತು.

"ಬೇಡ ಅಂತಿದಾನೆ ಅವನು" ಅಂದರು ಅತ್ತೆ.

"ಬೇಡ ಅನ್ನೋಕೆ ಬೇಡ ಅನ್ನಬೇಕು ಅಜ್ಜಿ."

"ನಿನ್ನ ಅಪ್ಪನ ಮುಖ ನೋಡೋ. ಅಕ್ಷರ ಬಿಟ್ರೆ ಬೇರೆ ಓದೋಕೆ ಬರಲ್ವಾ ನಿನಗೆ?"

ಮಗ ನೆಲದ ಅನ್ನ ಬಳಿಯುತ್ತಾ ತನ್ನ ಕಷ್ಟ ಹೇಳಿದ. ಅವನ ಅಂಗಡಿಯ ಮಾಲೀಕ ತಿಂಗಳ ಕೊನೆಗೆ ಖಾಲಿ ಮಾಡು ಎಂದಿದ್ದ. ಹೊಸ ಸಾಲಿನಲ್ಲಿ ಮುಂದಿನ ಮೂಲೆಯ ಮಳಿಗೆ ಇವನಿಗೇ ಎಂದು ಕಾರ್ಯದರ್ಶಿ ಮಾತು ಕೊಟ್ಟಿದ್ದರು. ಅದು ತಪ್ಪಿದರೆ ಯಂತ್ರವನ್ನು ಮನೆಯ ಹಜಾರಕ್ಕೆ ತಂದು ಹಾಕಬೇಕು. ಹಜಾರದಲ್ಲಿ ಅಪ್ಪನ ಮಂಚವಿದೆ.

ನಾನು ಸೊಸೆಯ ಕಡೆ ನೋಡಿದೆ. ಎಂಟು ವರ್ಷದಿಂದ ನಿಂತು ಕಾಲರ್ ಹೊಲಿಗೆ ಚೆಕ್ ಮಾಡುವ ಹುಡುಗಿ ಅವಳು. ದಿನಾ ಸಂಜೆ ಬಂದು ಕಾಲನ್ನು ಗೋಡೆಗೆ ಎತ್ತಿಟ್ಟು ಕಾಲು ಗಂಟೆ ಮಲಗಿದ ಮೇಲೆಯೇ ಮಾತಾಡುತ್ತಿದ್ದಳು. ಆ ಮಳಿಗೆ ಸಿಕ್ಕರೆ ಕೆಲಸ ಬಿಟ್ಟು ಗಂಡನ ಜೊತೆ ಕೂರುವುದೆಂದು ಅವಳ ಲೆಕ್ಕ.

"ಅತ್ತೆ, ಮಾವನ ಕಾಲಿಗೆ ಎಲ್ಲರೂ ಅಳ್ತೀರಿ" ಅಂದಳು. "ನನ್ನದೂ ಕಾಲೇ."

ಮಗ ಕೈ ತೊಳೆದು ಬಂದು ನನ್ನ ಎದುರೇ ಕೂತ.

"ಅಮ್ಮ, ಈ ಠರಾವು ತಂದಿದ್ದು ಅಪ್ಪ. ಗಟ್ಟಿಯಾಗಿದ್ದಾಗ, ಯೋಚನೆ ಮಾಡಿ ಆಡಿದ ಮಾತು. ಅದು ಅಪ್ಪನ ಮಾತೋ, ಈಗ ಬಾಯಿಂದ ಬಾರದೆ ಇರೋದು ಅಪ್ಪನ ಮಾತೋ? ನೀನೇ ಹೇಳು."

"ಆಗ ನಿನ್ನಪ್ಪ ಆ ಬೆಂಚಿನ ಮೇಲೆ ಕೂತಿರಲಿಲ್ಲ" ಅಂದೆ.

ಮರುದಿನ ಬಟ್ಟೆ ಒಣಹಾಕಿ ಪುರಸಭೆಗೆ ಹೋದೆ. ಗುಮಾಸ್ತರು ಹಳಬರು, ನಮ್ಮ ಮದುವೆಗೆ ಬಂದವರು. ಇವರಿಗೆ ಬೇಡವಂತೆ ಎಂದು ನಾನು ಬಂದು ಹೇಳಿದರೆ ಬರೆದುಕೊಳ್ಳುತ್ತೀರಾ ಎಂದು ಕೇಳಿದೆ. ಅವರು ಕನ್ನಡಕ ಒರೆಸುತ್ತಾ, ನಿಮ್ಮ ಮಾತು ಬರೆಯಲು ಪುಸ್ತಕದಲ್ಲಿ ಜಾಗ ಇಲ್ಲ ತಾಯಿ ಎಂದರು. ಮೂರು ಸಲ ಓದುತ್ತೇನೆ; ಅಧ್ಯಕ್ಷರು ಆಗಲಿ ಅಂದರೆ ಬರೆಯುತ್ತೇನೆ, ಅನ್ನದೇ ಇದ್ದರೆ ಜಾಗ ಖಾಲಿ ಬಿಡುತ್ತೇನೆ. ಖಾಲಿ ಬಿಟ್ಟ ಠರಾವು ಬಿದ್ದ ಹಾಗೆ. ಇಷ್ಟು ಹೇಳಿ ಅವರು ಬೇರೆ ಫೈಲು ತೆಗೆದರು.

ಸಭೆಗೆ ಹದಿನಾರು ದಿನವಿತ್ತು. ಫಿಸಿಯೋ ಮೇಡಂ ಜೊತೆ ಕೂತು ‘ಬೇಡ’ ಕಲಿಸಲು ಹೊರಟೆ. ಬ ಅನ್ನಲು ತುಟಿ ಮುಚ್ಚಬೇಕು. ಇವರು ನನ್ನ ತುಟಿ ನೋಡಿ ತಮ್ಮದನ್ನೂ ಮುಚ್ಚುತ್ತಿದ್ದರು, ಅಲ್ಲಿಗೆ ಸರಿ. ತೆರೆದರೆ ಮಾತ್ರ ಆ ಎಂದೇ ತೆರೆಯುತ್ತಿತ್ತು, ಹಿಂದೆಯೇ ಉಳಿದದ್ದೂ ಬರುತ್ತಿತ್ತು. ನಾಲ್ಕು ದಿನ ಹೀಗೇ ಹೋಯಿತು. ಇವರಿಗೆ ಬೆವರು, ನನಗೆ ಗಂಟಲು ನೋವು. ಅಕ್ಕಿ ಆರಿಸುತ್ತಾ ನೋಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು.

"ಸಾಕು ಬಿಡಮ್ಮ. ತುಟಿ ಮುಚ್ಚಿದ್ರೆ ಅರ್ಧ ಬೇಡ ಆಯ್ತು. ಇನ್ನರ್ಧ ಯಾಕೆ ಬೇಕು? ತೆಗೀದಿದ್ರೆ ಆಯ್ತು."

ಅಂದಿನಿಂದ ಮಾತು ಕಲಿಸುವುದನ್ನು ಬಿಟ್ಟು ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಸಿದೆವು. ಜೀವಮಾನವೆಲ್ಲ ಮಾತಾಡಿ ಉಂಡ ಮನುಷ್ಯ, ಉಳಿದ ಒಂದೇ ಒಂದು ಮಾತನ್ನು ಆಡದೆ ಇರುವುದನ್ನು ಕಲಿಯಬೇಕಾಗಿತ್ತು. ಊಟಕ್ಕೆ ಮೊದಲು ಅತ್ತೆ ಪ್ರಶ್ನೆ ಹಾಕುವುದು, ಇವರು ತುಟಿ ಬಿಗಿಹಿಡಿಯುವುದು. ಇವತ್ತು ಭಾನುವಾರವಾ? ಆಗಲಿ. ನಿನ್ನ ಹೆಂಡತಿ ಅಡುಗೆ ಚೆನ್ನಾಗಿದೆಯಾ? ಆಗಲಿ. ನಿನಗೆ ಇನ್ನೊಂದು ಮದುವೆ ಮಾಡಲಾ? "ಆಗಲಿ" ಎಂದು ಗಟ್ಟಿಯಾಗಿ ಬಂದಾಗ ಸೊಸೆ ಅಡುಗೆಮನೆಯಿಂದಲೇ ನಕ್ಕಳು, ನಾನೂ ನಕ್ಕೆ, ಇವರಿಗೂ ಹೊಟ್ಟೆ ಕುಲುಕುವಷ್ಟು ನಗು. ಅತ್ತೆ ಮಾತ್ರ ನಗಲಿಲ್ಲ. ಮತ್ತೆ ಬಾಯಿ ಮುಚ್ಚು ಎಂದರು.

ಹತ್ತನೆಯ ದಿನದ ಹೊತ್ತಿಗೆ ಇವರು ತಡೆಯಲು ಕಲಿತರು. ಗುಮಾಸ್ತರ ಹಾಗೆ ಎಳೆದು ಓದಿದರೆ ತುಟಿ ಬೆಳ್ಳಗಾಗುವ ತನಕ ಕಚ್ಚಿಕೊಂಡು ಕೂರುತ್ತಿದ್ದರು. ಗದರಿಸಿ ಕೇಳಿದರೂ ತಡೆಯುತ್ತಿದ್ದರು. ಆದರೆ ಹತ್ತಿರ ಕೂತು, ಸುಸ್ತಾಯಿತಾ, ಮಲಗುತ್ತೀರಾ ಎಂದು ಅಕ್ಕರೆಯಿಂದ ಕೇಳಿದರೆ ಮಾತ್ರ ಆಗುತ್ತಿರಲಿಲ್ಲ. ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

ಅದನ್ನು ಮಗನಿಗೆ ಹೇಳಿದವಳು ನಾನೇ. ಇವರನ್ನು ಸ್ನಾನಕ್ಕೆ ಎತ್ತಿ ಕೂರಿಸುವುದು ಅವನ ಕೆಲಸ. ದಿನಾ ಬೆಳಗ್ಗೆ ಅಂಗಡಿಗೆ ಮೊದಲು ಅಪ್ಪನ ಬೆನ್ನು ಉಜ್ಜಿ, ಬೆರಳ ಸಂದಿ ಒರೆಸಿ, ಉಗುರು ಕತ್ತರಿಸಿ ಹೋಗುತ್ತಿದ್ದ. ಅವತ್ತು ಟವೆಲು ಕೊಡುತ್ತಾ, ನಿನ್ನಪ್ಪ ಕಲ್ಲಿನ ಹಾಗೆ ಕೂರುತ್ತಾರೆ ಕಣೋ, ಪ್ರೀತಿಯಿಂದ ಕೇಳಿದರೆ ಮಾತ್ರ ಸೋಲುತ್ತಾರೆ ಎಂದೆ. ಹೆಮ್ಮೆಯಿಂದ ಹೇಳಿದ್ದು. ತಾಯಿ ಮಗನಿಗೆ ಮನೆಯ ಮಾತು ಹೇಳುವ ಹಾಗೆ. ಅವನು ಹೂಂ ಎಂದು ಅಪ್ಪನ ಕಾಲು ಒರೆಸುತ್ತಿದ್ದ.

ಸಭೆಯ ದಿನ ನಾನು ಇವರಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡಿಸಿದೆ. ಅತ್ತೆ ಬಾಗಿಲ ತನಕ ಬಂದು ಇವರ ಗದ್ದ ಹಿಡಿದು ತುಟಿ ಒತ್ತಿ ಮುಚ್ಚಿ ಬಿಟ್ಟರು. ಅಲ್ಲಿ ಮಗ ಕುರ್ಚಿಯ ಹಿಂದೆ ನಿಂತ, ನಾನು ಸಾರ್ವಜನಿಕರ ಬೆಂಚಿನಲ್ಲಿ ಕೂತೆ. ಗಾರೆಯವನೂ ಟೈಲರೂ ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತರು.

ಮೊದಲ ಎಂಟು ಠರಾವಿಗೆ ಇವರು ಆಗಲಿ ಅಂದರು. ಬೀದಿ ದೀಪ, ಚರಂಡಿ, ಅಂಥವು. ಒಂಬತ್ತನೆಯದನ್ನು ಗುಮಾಸ್ತರು ಓದಿದರು. ಎರಡು ಕಡೆಯೂ ಕೈ ಎತ್ತಿದರು, ಏಳು, ಏಳು. ಎಲ್ಲರೂ ಇವರ ಕಡೆ ತಿರುಗಿದರು.

ಇವರು ತುಟಿ ಮುಚ್ಚಿದ್ದರು.

ಗುಮಾಸ್ತರು ಎರಡನೆಯ ಸಲ ಓದಿದರು. ಕಾರ್ಯದರ್ಶಿ ಕೆಮ್ಮಿದರು, ಲೀಡರೇ, ಇದು ನಿಮ್ಮದೇ ಠರಾವು ಎಂದು ನೆನಪಿಸಿದರು, ಆಮೇಲೆ ಸ್ವಲ್ಪ ಜೋರಾಗಿಯೇ ಹೇಳಿದರು. ಇವರ ಕುತ್ತಿಗೆಯ ನರ ಎದ್ದಿತ್ತು. ಎಡಗೈ ಕುರ್ಚಿಯ ಹಿಡಿಯನ್ನು ಹಿಡಿದು ನಡುಗುತ್ತಿತ್ತು, ಹಣೆಯಿಂದ ಬೆವರು ಕಣ್ಣಿಗೆ ಇಳಿದರೂ ರೆಪ್ಪೆ ಬಡಿಯಲಿಲ್ಲ. ಇವರು ಮಾಡಿದ ಭಾಷಣ ಎಷ್ಟೋ ಕೇಳಿದ್ದೇನೆ. ಇಷ್ಟು ಜನ ಇಷ್ಟು ಹೊತ್ತು ಉಸಿರು ಬಿಗಿಹಿಡಿದು ಇವರನ್ನು ನೋಡಿದ್ದನ್ನು ನಾನು ಕಂಡಿರಲಿಲ್ಲ.

ಮೂರನೆಯ ಸಲ ಓದಿ ಮುಗಿಯಿತು. ಗುಮಾಸ್ತರು ಪೆನ್ನು ಎತ್ತಿ, ಆ ಸಾಲು ಬಿಟ್ಟು, ಮುಂದಿನ ಸಾಲಿಗೆ ಕೈ ಒಯ್ದರು. ಗಾರೆಯವನು ನನ್ನ ಮೊಣಕೈ ಹಿಡಿದುಕೊಂಡ.

ಆಗ ಮಗ ಬಾಗಿದ. ಕರವಸ್ತ್ರ ತೆಗೆದು ಅಪ್ಪನ ಹಣೆಯ ಬೆವರು ಒರೆಸಿದ, ಗದ್ದ ಒರೆಸಿದ. ಕಿವಿಯ ಹತ್ತಿರ ಕೇಳಿದ.

"ಅಪ್ಪಾ, ಸುಸ್ತಾಯ್ತಲ್ವಾ. ಮನೆಗೆ ಹೋಗೋಣ್ವಾ?"

"ಆಗಲಿ" ಅಂದರು ಇವರು.

ಗುಮಾಸ್ತರು ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಕಾರ್ಯದರ್ಶಿಯನ್ನು. ಆಮೇಲೆ ಹಿಂದಿನ ಸಾಲಿಗೆ ಕೈ ತಂದು ಬರೆದರು. ಪಕ್ಷದ ಏಳು ಜನ ಮೇಜು ತಟ್ಟಿದರು.

ಮನೆಯಲ್ಲಿ ಅಂದು ಯಾರೂ ಅತ್ತೆಗೆ ಹೇಳಬೇಕಾಗಲಿಲ್ಲ. ಅವರು ಮಗನ ಮುಖ ನೋಡಿದರು, ಮೊಮ್ಮಗನ ಮುಖ ನೋಡಿದರು, ತಮ್ಮ ತಟ್ಟೆ ಎತ್ತಿಕೊಂಡು ಹೋಗಿ ಹಿತ್ತಲ ಬಾಗಿಲಲ್ಲಿ ಕೂತರು. ಸೊಸೆ ಬಡಿಸಿದಳು, ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ನಾನು ಪಾತ್ರೆ ತೊಳೆಯುವಾಗ ಮಗ ಹಿಂದೆ ಬಂದು ನಿಂತ.

"ಅಮ್ಮ, ನಾನು ಕೇಳಿದ್ದು ನಿಜವಾಗ್ಲೂ ಮನೆಗೆ ಹೋಗೋಣ ಅಂತಲೇ. ಅಪ್ಪ ನಡುಗ್ತಿದ್ರು. ನೀನು ದೂರ ಇದ್ದೆ, ನಿನಗೆ ಕಾಣ್ಲಿಲ್ಲ."

ಅಪ್ಪ ನಡುಗುತ್ತಿದ್ದುದು ನಿಜ. ನಾನು ದೂರ ಇದ್ದುದೂ ನಿಜ. ಅವನ ಕಣ್ಣು ಕೆಂಪಾಗಿತ್ತು. ಮೂವತ್ತೊಂದು ವರ್ಷದಿಂದ ಅವನು ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತಿತ್ತು, ಆ ದಿನ ಗೊತ್ತಾಗಲಿಲ್ಲ. ನೀರು ನಿಲ್ಲಿಸು, ಸುಮ್ಮನೆ ಹರೀತಿದೆ ಎಂದೆ. ಅವನು ನಲ್ಲಿ ನಿಲ್ಲಿಸಿ ಹೋದ.

ಅಂದಿನಿಂದ ಇವರು ಆ ಮಾತನ್ನೂ ಬಿಟ್ಟರು. ಗಂಜಿ ಬೇಕಾ ಅಂದರೆ ತುಟಿ ಮುಚ್ಚಿಕೊಳ್ಳುವರು. ಕಿಟಕಿ ತೆಗೆಯಲಾ ಅಂದರೂ ಅದೇ. ನಾನು ಪ್ರಶ್ನೆ ಕೇಳುವುದನ್ನೇ ಬಿಟ್ಟು, ಹೇಳದೆ ಕೇಳದೆ ಚಮಚ ಹಿಡಿದರೆ ಉಣ್ಣುತ್ತಿದ್ದರು. ಮಾತಿನ ಹಾಗೆ ಕೇಳಿಸುವ ಏನಕ್ಕೂ ಬಾಯಿ ತೆರೆಯುತ್ತಿರಲಿಲ್ಲ. ಮಗ ಸ್ನಾನಕ್ಕೆ ಎತ್ತಲು ಬಂದರೆ ಕಣ್ಣನ್ನೂ ಮುಚ್ಚುತ್ತಿದ್ದರು. ಅವನು ಮೊದಲಿನಂತೆಯೇ ಬೆರಳ ಸಂದಿ ಒರೆಸುತ್ತಿದ್ದ. ಕಾರ್ಯದರ್ಶಿ ಎರಡು ಸಲ ಬಂದು, ಮುಂದಿನ ಸಭೆಗೆ ಬರುತ್ತೀರಲ್ಲ ಲೀಡರೇ ಎಂದು ಕೇಳಿ, ಏನೂ ಸಿಗದೆ ಹೋದರು. ಸೊಸೆ ಒಂದು ಸಂಜೆ ಮಾವನ ಕಾಲ ಬಳಿ ಕೂತು ಎಣ್ಣೆ ಹಚ್ಚಿದಳು. ಅವಳೂ ಏನೂ ಕೇಳಲಿಲ್ಲ.

ಒಡೆಯುವ ದಿನ ಸೋಮವಾರ. ನಮ್ಮ ಆಸ್ಪತ್ರೆಯ ದಿನವೂ ಅದೇ. ಮೇಡಂ ಬರುವುದು ಬೇಡವೆಂದು ಹೇಳಿ ಕಳಿಸಿದ್ದರು. ನಾನು ಬಟ್ಟೆ ನೆನೆಹಾಕುತ್ತಿದ್ದಾಗ ಸದ್ದಾಯಿತು. ಇವರು ಎಡಗಾಲಿನಿಂದ ನೆಲ ಒದ್ದು ಒದ್ದು ಕುರ್ಚಿಯನ್ನು ಬಾಗಿಲ ತನಕ ತಂದು, ಹೊಸ್ತಿಲಿಗೆ ತಾಗಿಸಿ ಕೂತಿದ್ದರು. ನಾನು ಕೈ ಒರೆಸಿಕೊಂಡು ಹೊಸ್ತಿಲು ದಾಟಿಸಿದೆ.

ಆಸ್ಪತ್ರೆಯ ಅಂಗಳಕ್ಕೆ ಹಳದಿ ಜೆಸಿಬಿ ಬಂದಿತ್ತು. ಕಂಬಿ, ಕನ್ನಡಿ, ಮೂರು ಮೆಟ್ಟಿಲು ಎಲ್ಲ ಹೊರಗೆ ಬಿಸಿಲಲ್ಲಿ ಬಿದ್ದಿದ್ದವು. ಇವರು ಕೈ ತೋರಿಸಿದ ಕಡೆ ತಳ್ಳಿದೆ. ಖಾಲಿ ಕೋಣೆಯ ಬಾಗಿಲಲ್ಲಿ, ಹೊರಗೆ ಮುಖಮಾಡಿ, ಕುರ್ಚಿಯ ಚಕ್ರದ ಬ್ರೇಕನ್ನು ತಾವೇ ಎಡಗೈಯಿಂದ ಒತ್ತಿದರು. ಸ್ವಲ್ಪ ಹೊತ್ತಿಗೆ ಗಾರೆಯವನು ಬಂದ, ಅಂಚೆಯ ಹೆಂಗಸು ಬಂದಳು, ಟೈಲರ್ ಬಂದ. ಬೆಂಚನ್ನೂ ಎತ್ತಿ ಎಸೆದಿದ್ದರು. ಇವರ ಎರಡೂ ಕಡೆ ನೆಲದ ಮೇಲೇ ಕೂತರು.

ಮೇಸ್ತ್ರಿ ಬಂದು ಕೈ ಮುಗಿದ. ಅಧ್ಯಕ್ಷರೇ, ಕೆಲಸ ಶುರು ಮಾಡಲಾ ಎಂದು ಕೇಳಿದ. ನಿಮ್ಮ ಒಂದು ಮಾತಾದರೆ ಸಾಕು ಎಂದ. ಇವರು ತುಟಿ ಮುಚ್ಚಿಕೊಂಡು ಅವನನ್ನೇ ನೋಡಿದರು. ಅವನು ಹೋಗಿ ಫೋನು ಮಾಡಿದ. ಕಾರ್ಯದರ್ಶಿ ಸ್ಕೂಟರಿನಲ್ಲಿ ಬಂದರು. ಮೊದಲು ನಕ್ಕು ಮಾತಾಡಿದರು, ಆಮೇಲೆ ನನ್ನನ್ನು ಬೈದರು, ಹುಷಾರಿಲ್ಲದ ಮನುಷ್ಯನನ್ನು ಬಿಸಿಲಿಗೆ ತಂದಿದ್ದೀರಲ್ಲ, ನೀವು ಹೆಂಡತಿಯೇ ಎಂದರು. ಪೊಲೀಸರನ್ನು ಕರೆಯುವುದೋ ಬೇಡವೋ ಎಂದು ದೂರ ಹೋಗಿ ಯಾರನ್ನೋ ಕೇಳಿದರು. ಜೆಸಿಬಿಯವನು ಇಂಜಿನ್ ಆರಿಸಲಿಲ್ಲ.

ಹೊತ್ತು ನೆತ್ತಿಗೆ ಬಂತು. ಇವರ ತುಟಿ ಒಡೆದು ಬಿಳಿಯಾಗಿತ್ತು. ನಾನು ಬಾಟಲಿಯ ಮುಚ್ಚಳ ತೆಗೆದು ಬಾಯಿಗೆ ಹಿಡಿದೆ. ಏನೂ ಕೇಳಲಿಲ್ಲ, ಹಿಡಿದೆ ಅಷ್ಟೇ. ಇವರು ನನ್ನನ್ನು ನೋಡಿದರು. ಬಾಯಿ ತೆರೆಯಲಿಲ್ಲ. ನೀರು ಗದ್ದದಿಂದ ಇಳಿದು ಬಿಳಿ ಅಂಗಿಯನ್ನೂ ನನ್ನ ಕೈಯನ್ನೂ ನೆನೆಸಿತು.

ಅಷ್ಟರಲ್ಲಿ ಕಾರ್ಯದರ್ಶಿಯ ಸ್ಕೂಟರ್ ಮತ್ತೆ ಬಂತು. ಹಿಂದೆ ಮಗ ಕೂತಿದ್ದ. ಅಂಗಡಿಯಿಂದ ನೇರ ಬಂದಿದ್ದ, ಬೆರಳೆಲ್ಲ ಜೆರಾಕ್ಸಿನ ಕಪ್ಪು ಪುಡಿ. ಕಾರ್ಯದರ್ಶಿ ಅವನ ಬೆನ್ನ ಮೇಲೆ ಕೈಯಿಟ್ಟು ಏನೋ ಹೇಳಿ ಮುಂದಕ್ಕೆ ತಳ್ಳಿದರು. ಅವನು ಜೆಸಿಬಿಯ ಪಕ್ಕದಿಂದ ನಿಧಾನವಾಗಿ ಬಂದ. ನೆಲದ ಮೇಲಿದ್ದವರು ಕಾಲು ಮಡಚಿ ದಾರಿ ಬಿಡಲು ನೋಡಿದರು, ಆಗಲಿಲ್ಲ. ಅವರನ್ನು ದಾಟಿಕೊಂಡು ಬಂದು ಅಪ್ಪನ ಮುಂದೆ ಕುಕ್ಕುರುಗಾಲಲ್ಲಿ ಕೂತ. ಅಪ್ಪನ ಅಂಗಿ ಒದ್ದೆಯಾಗಿದ್ದುದನ್ನು ನೋಡಿದ.

ಇವರು ಈ ಸಲ ಕಣ್ಣು ಮುಚ್ಚಲಿಲ್ಲ. ಮಗನನ್ನೇ ನೋಡುತ್ತಿದ್ದರು. ತುಟಿಯ ತುದಿ ಅದುರತೊಡಗಿತು. ಅಷ್ಟು ಹತ್ತಿರದಿಂದ ಅವನು ಏನು ಕೇಳಿದರೂ ಇವರು ಸೋಲುತ್ತಾರೆಂದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಅಪ್ಪಾ" ಅಂದ ಮಗ.

ನಾನು ಒದ್ದೆ ಕೈಯನ್ನು ಅವನ ಬಾಯಿಯ ಮೇಲೆ ಇಟ್ಟೆ. ಅವನು ಬಿಡಿಸಿಕೊಳ್ಳಲಿಲ್ಲ. ಅಂಗೈಗೆ ಅವನ ಉಸಿರು ಬಿಸಿಬಿಸಿಯಾಗಿ ತಾಗುತ್ತಿತ್ತು, ಒಳಗೆ ತುಟಿ ಅಲುಗುತ್ತಿತ್ತು. ಕ್ಷಮಿಸು ಅನ್ನುವವನಿದ್ದನೋ, ಮನೆಗೆ ಹೋಗೋಣ ಅನ್ನುವವನಿದ್ದನೋ. ಕೈ ತೆಗೆದರೆ ಗೊತ್ತಾಗುತ್ತಿತ್ತು. ನಾನು ತೆಗೆಯಲಿಲ್ಲ.